ಭೋಪಾಲದ ಕಸ ಸುಟ್ಟಾಯಿತು, ನೆಲ ಶುದ್ಧವಾಯಿತೇ?

2025ರ ಜೂನ್ ಕೊನೆಗೆ ಮಧ್ಯಪ್ರದೇಶದಿಂದ ಒಂದು ಸುದ್ದಿ ಬಂತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರದ ಕುಲುಮೆಯಲ್ಲಿ ಸುಟ್ಟು ಮುಗಿಸಲಾಗಿದೆ ಎಂದು. ಓದಿದವರಿಗೆ ನಾಲ್ಕು ದಶಕದ ಪಿಡುಗು ಕಳೆಯಿತು ಅನ್ನಿಸಿದ್ದು ಸಹಜ. ಆದರೆ ಸಂತ್ರಸ್ತರ ಸಂಘಟನೆಗಳು ನೆಲ ಮತ್ತು ಅಂತರ್ಜಲದ ವಿಷ ಹಾಗೇ ಇದೆ ಎನ್ನುತ್ತಲೇ ಇವೆ. ಅದಾಗಿ ತಿಂಗಳೊಳಗೆ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿತು. ಎಲ್ಲವೂ ಸುಟ್ಟುಹೋಗಿದ್ದರೆ ಇನ್ನು ಶುದ್ಧ ಮಾಡುವುದಕ್ಕೆ ಏನು ಉಳಿದಿದೆ? ಯಾರ ಮಾತು ಸುಳ್ಳು?

ಯಾರದೂ ಸುಳ್ಳಲ್ಲ. ಕಸ ಸಾಗಿಸುವುದು ಬೇರೆ, ನೆಲ ಶುದ್ಧ ಮಾಡುವುದು ಬೇರೆ. ಸುದ್ದಿಯಲ್ಲಿ ಇವೆರಡೂ ಒಂದಾಗಿಬಿಟ್ಟಿವೆ. ಹಳೆಯ ಕಾರ್ಖಾನೆಯ ಜಾಗದಲ್ಲಿ ಸ್ಮಾರಕವೋ ಉದ್ಯಾನವೋ ವಸತಿ ಬಡಾವಣೆಯೋ ಏಳುವ ಮುನ್ನ ಈ ವ್ಯತ್ಯಾಸ ಬಿಡಿಸಿಕೊಳ್ಳದಿದ್ದರೆ ಅದರ ಹೊರೆ ಬೀಳುವುದು ಅಲ್ಲಿ ಬದುಕುವವರ ಮೇಲೆ.

337 ಟನ್‌ನಲ್ಲಿ ಇದ್ದದ್ದೇನು

ಕಾರ್ಖಾನೆ ನಿಂತ ಮೇಲೆ ಶೆಡ್ಡುಗಳಲ್ಲಿ, ಅಂಗಳದಲ್ಲಿ ಕಣ್ಣಿಗೆ ಕಂಡದ್ದನ್ನು ಗುಡಿಸಿ, ತುಂಬಿ, ಗೋದಾಮಿನಲ್ಲಿ ಇಟ್ಟ ಸರಕು ಇದು. ಅದರಲ್ಲಿ 162 ಟನ್ ಮಣ್ಣು, 92 ಟನ್ ಸೆವಿನ್ ಕೀಟನಾಶಕ ಮತ್ತು ನ್ಯಾಫ್ತಾಲಿನ ಶೇಷ, 54 ಟನ್ ಅರೆಬರೆ ತಯಾರಾಗಿದ್ದ ಕೀಟನಾಶಕ, 29 ಟನ್ ರಿಯಾಕ್ಟರ್‌ಗಳ ಕಸ. ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ನಾಲ್ಕು ವಾರದ ಗಡುವು ಕೊಟ್ಟ ಮೇಲೆ, 2025ರ ಹೊಸ ವರ್ಷದ ರಾತ್ರಿ 12 ಕಂಟೇನರುಗಳು ಪೀಥಂಪುರಕ್ಕೆ ಹೊರಟವು.

ಇದರ ಪಕ್ಕಕ್ಕೆ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 2010ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಆ ಆವರಣದಲ್ಲಿ ಕಲುಷಿತಗೊಂಡ ಮಣ್ಣೇ ಸುಮಾರು 11 ಲಕ್ಷ ಟನ್. ಸುಟ್ಟದ್ದು ಅದರ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲ. ಪೀಥಂಪುರದಲ್ಲಿ ಗಂಟೆಗೆ 270 ಕಿಲೋ ವೇಗದಲ್ಲಿ ಸುಟ್ಟರು. ಅದೇ ವೇಗದಲ್ಲಿ ಹಗಲಿರುಳು ಉರಿಸಿದರೂ ಆ ಮಣ್ಣು ಮುಗಿಯಲು 460 ವರ್ಷ ದಾಟುತ್ತದೆ. ಅಂದರೆ ಗೋದಾಮಿನ ಕಸಕ್ಕೆ ಹಿಡಿದ ದಾರಿ ನೆಲಕ್ಕೆ ಹಿಡಿಸುವುದೇ ಇಲ್ಲ. ಸುಟ್ಟದ್ದೂ ಪೂರ್ತಿ ಮಾಯವಾಗಿಲ್ಲ. ಸುಡುವಾಗ ಸುಣ್ಣ ಮುಂತಾದವನ್ನು ಬೆರೆಸುವುದರಿಂದ ಉಳಿದ ಬೂದಿ ಮತ್ತು ಶೇಷ 800 ಟನ್ ಮೀರಿತು. ಅದನ್ನು ಎಲ್ಲಿ ಹೂಳಬೇಕು ಎಂಬುದೇ ಆಮೇಲೆ ಇನ್ನೊಂದು ತಕರಾರಾಯಿತು.

ಗ್ಯಾಸ್ ದುರಂತ ಬೇರೆ, ನೆಲದ ವಿಷ ಬೇರೆ

ಗೊಂದಲಕ್ಕೆ ಇನ್ನೊಂದು ಕಾರಣವಿದೆ. 1984ರ ಡಿಸೆಂಬರ್ 2-3ರ ರಾತ್ರಿ ಸೋರಿ ಸಾವಿರಾರು ಜನರನ್ನು ಕೊಂದ ಮೀಥೈಲ್ ಐಸೋಸೈನೇಟ್ ಅನಿಲ ಈ ಮಣ್ಣಿನಲ್ಲಿ ಕೂತಿಲ್ಲ. ನೀರು ತಗುಲಿದರೆ ಬೇಗ ಒಡೆದುಹೋಗುವ ವಸ್ತು ಅದು. ನೆಲದಲ್ಲಿರುವ ವಿಷದ ಕಥೆ ಶುರುವಾಗುವುದು ಅದಕ್ಕೂ ಹದಿನೈದು ವರ್ಷ ಹಿಂದೆ, ಕಾರ್ಖಾನೆ ಎಂದಿನಂತೆ ನಡೆಯುತ್ತಿದ್ದ ದಿನಗಳಲ್ಲಿ. 1969ರಿಂದ ತಯಾರಿಕೆಯ ಕಸವನ್ನು ಆವರಣದೊಳಗೇ ಗುಂಡಿ ತೋಡಿ ಸುರಿಯುತ್ತಿದ್ದರು. 1977ರ ಸುಮಾರಿಗೆ ಆವರಣದ ಉತ್ತರಕ್ಕೆ ದೊಡ್ಡ ಹೊಂಡಗಳನ್ನು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಕೊಳೆನೀರನ್ನು ಬಿಸಿಲಿಗೆ ಆವಿಯಾಗಲು ಬಿಟ್ಟರು. 1982ರಲ್ಲೇ ಕಂಪನಿಯ ಒಳಗಿನ ಪತ್ರವ್ಯವಹಾರದಲ್ಲಿ ಹೊಂಡ ಸೋರುತ್ತಿರುವ ಚಿಂತೆ ದಾಖಲಾಗಿದೆ. ಅಂದರೆ ದುರಂತ ನಡೆಯದೇ ಇದ್ದಿದ್ದರೂ ಭೋಪಾಲದ ಈ ನೆಲ ಕೆಟ್ಟಿರುತ್ತಿತ್ತು.

ಇದು ಬರೀ ಚರಿತ್ರೆಯ ಮಾತಲ್ಲ. 1989ರ 47 ಕೋಟಿ ಡಾಲರ್ ಒಪ್ಪಂದ ಅನಿಲ ದುರಂತಕ್ಕೆ ಸಂಬಂಧಿಸಿದ್ದು, ನೆಲ-ನೀರು ಕೆಡಿಸಿದ ಲೆಕ್ಕ ಬೇರೆಯೇ ಇದೆ ಎಂದು ಸಂತ್ರಸ್ತರು ವಾದಿಸುವುದು ಈ ಆಧಾರದ ಮೇಲೆಯೇ.

ನೆಲದೊಳಗೆ ವಿಷ ನಡೆಯುವ ಬಗೆ

ಕಣ್ಣಿಗೆ ಕಾಣುವ ಕಸ ಇದ್ದಲ್ಲೇ ಇರುತ್ತದೆ, ಎತ್ತಿ ಲಾರಿಗೆ ಹಾಕಬಹುದು. ನೆಲಕ್ಕೆ ಇಳಿದದ್ದು ಹಾಗಲ್ಲ. ಸೀಸ, ಕ್ರೋಮಿಯಂನಂಥ ಲೋಹಗಳು ಕೊಳೆಯುವುದಿಲ್ಲ, ನೂರು ವರ್ಷವಾದರೂ ಲೋಹಗಳೇ. ಸೀಸ ಹೆಚ್ಚಾಗಿ ಮೇಲ್ಮಣ್ಣಿಗೇ ಅಂಟಿಕೊಂಡಿದ್ದು ಧೂಳಾಗಿ ಏಳುತ್ತದೆ. ಅಂಗಳದಲ್ಲಿ ಆಡುವ ಮಗು ಮಣ್ಣಿನ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಮೈ ಸೇರಲು ಅಷ್ಟು ಸಾಕು.

ಕ್ಲೋರಿನ್ ಸೇರಿದ ದ್ರಾವಕಗಳ ನಡೆ ಇದಕ್ಕೆ ತದ್ವಿರುದ್ಧ. ಅವು ನೀರಿಗಿಂತ ಭಾರ. ಎಣ್ಣೆಯ ಹಾಗೆ ನೀರಿನ ಮೇಲೆ ತೇಲದೆ ಅಂತರ್ಜಲವನ್ನೂ ಸೀಳಿಕೊಂಡು ಕೆಳಗಿಳಿದು, ಜೇಡಿಯ ಪದರವೋ ಬಂಡೆಯೋ ಅಡ್ಡ ಬಂದಲ್ಲಿ ಮಡುವಾಗಿ ನಿಲ್ಲುತ್ತವೆ. ಅಲ್ಲಿಂದ ದಶಕಗಟ್ಟಲೆ ಸ್ವಲ್ಪಸ್ವಲ್ಪವೇ ಕರಗುತ್ತ, ಅಂತರ್ಜಲ ಹರಿಯುವ ದಿಕ್ಕಿಗೆ ಬಾಲದ ಹಾಗೆ ಚಾಚುತ್ತವೆ. ಮೇಲಿನ ಮಣ್ಣು ತೆಗೆದು ಹಸನು ಮಾಡಿದರೂ ದೂರದ ಕೈಪಂಪಿನಲ್ಲಿ ವಿಷ ಬರುವುದು ಹೀಗೆ. ಆವಿಯಾಗುವ ಗುಣವೂ ಇವಕ್ಕಿದೆ. ನೆಲದೊಳಗಿನ ಆವಿ ಮೇಲೇರಿ, ತಳಪಾಯದ ಬಿರುಕು ಮತ್ತು ಪೈಪು ತೂರಿದ ಸಂದುಗಳಿಂದ ಮನೆಯೊಳಗೆ ಬರುತ್ತದೆ. ಬಾವಿಯ ನೀರು ಕುಡಿಯದವರೂ ಅದನ್ನು ಉಸಿರಾಡುತ್ತಾರೆ.

ಆದ್ದರಿಂದ ತಜ್ಞರು ಮೂರು ಕೊಂಡಿ ನೋಡುತ್ತಾರೆ: ವಿಷದ ಮೂಲ, ಅದು ಸಾಗುವ ದಾರಿ, ಅದನ್ನು ಮೈಗೆ ತೆಗೆದುಕೊಳ್ಳುವ ಮನುಷ್ಯ ಅಥವಾ ಜೀವಿ. ಮೂರರಲ್ಲಿ ಒಂದು ಕೊಂಡಿ ಕಡಿದರೂ ಅಪಾಯ ತಪ್ಪುತ್ತದೆ. ಮಣ್ಣು ಅಗೆದು ಸಾಗಿಸುವುದು, ತೊಳೆಯುವುದು, ಕಾಯಿಸಿ ಆವಿ ಹಿಡಿಯುವುದು, ಸೂಕ್ಷ್ಮಾಣುಗಳಿಂದ ತಿನ್ನಿಸುವುದು ಇವೆಲ್ಲ ಮೂಲವನ್ನು ತೆಗೆಯುವ ಕ್ರಮಗಳು. ಸಿಮೆಂಟ್ ಬೆರೆಸಿ ಮಣ್ಣನ್ನು ಗಟ್ಟಿ ಮಾಡುವುದು, ಮೇಲೆ ಜೇಡಿ ಮತ್ತು ದಪ್ಪ ಹಾಳೆ ಹೊದಿಸುವುದು, ಅಂತರ್ಜಲದ ದಾರಿಗೆ ಅಡ್ಡಲಾಗಿ ಕಬ್ಬಿಣದ ಪುಡಿ ತುಂಬಿದ ಗೋಡೆ ಇಳಿಸುವುದು ದಾರಿ ಕಟ್ಟುವ ಕ್ರಮಗಳು. ಬೋರ್‌ವೆಲ್ ಮುಚ್ಚಿ ಕೊಳಾಯಿ ನೀರು ಕೊಡುವುದು ಜನರನ್ನು ವಿಷದಿಂದ ದೂರ ಇಡುವ ಕ್ರಮ. ಭೋಪಾಲದ ಬಸ್ತಿಗಳಿಗೆ ಸುಪ್ರೀಂ ಕೋರ್ಟ್ ಆದೇಶದಿಂದ ಸಿಕ್ಕ ಕೊಳಾಯಿ ನೀರು ಈ ಮೂರನೆಯ ಬಗೆಯದು. ಅದು ಜೀವ ಉಳಿಸುವ ಕೆಲಸ, ಆದರೆ ಅದರಿಂದ ನೆಲದ ಒಂದು ಹಿಡಿ ಮಣ್ಣೂ ಶುದ್ಧವಾಗಲಿಲ್ಲ.

ಶುದ್ಧ, ಆದರೆ ಯಾವುದಕ್ಕೆ?

ಜಗಳ ಹೆಚ್ಚು ಇರುವುದು ಇಲ್ಲಿ. 'ಶುದ್ಧ' ಎಂಬ ಮಾತಿಗೆ ಒಂಟಿಯಾಗಿ ಅರ್ಥವಿಲ್ಲ. ಗೋದಾಮಿಗೆ ಸಾಕಾದ ಶುದ್ಧಿ ಮಕ್ಕಳ ಆಟದ ಬಯಲಿಗೆ ಸಾಲದು. ತರಕಾರಿ ಬೆಳೆಯುವ ಹಿತ್ತಲಿಗೆ ಬೇಕಾದ ಮಟ್ಟ ಇನ್ನೂ ಬಿಗಿ. ಮಟ್ಟಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ವಸತಿ ಪ್ರದೇಶದ ಮಣ್ಣಿನಲ್ಲಿ ಕಿಲೋಗೆ 400 ಮಿಲಿಗ್ರಾಂ ಸೀಸ ಮೀರಿದರೆ ಪರಿಶೀಲಿಸಬೇಕು ಎನ್ನುತ್ತಿದ್ದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಆ ಮಟ್ಟವನ್ನು 200ಕ್ಕೆ ಇಳಿಸಿತು. ನೆಲ ಅದೇ, ಸೀಸ ಅಷ್ಟೇ. ಮಕ್ಕಳ ಮಿದುಳಿನ ಮೇಲೆ ಸೀಸ ಮಾಡುವ ಹಾನಿಯ ತಿಳಿವಳಿಕೆ ಹೆಚ್ಚಿದ್ದರಿಂದ ನಿನ್ನೆ ಸರಿಯಿದ್ದ ಅಂಗಳ ಇಂದು ಸಂದೇಹದ ಪಟ್ಟಿಗೆ ಬಂತು.

ನಮ್ಮ ದೇಶದಲ್ಲೇ ಕೊಡೈಕನಾಲ್ ಇದೆ. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸ ಸೇರಿದ ಗಾಜಿನ ಚೂರು ಮುಂತಾದ 290 ಟನ್ ಸರಕು 2003ರಲ್ಲಿ ಹಡಗೇರಿ ಅಮೆರಿಕಕ್ಕೆ ಹೋಯಿತು. ಮಣ್ಣಿನಲ್ಲಿ ಉಳಿದ ಪಾದರಸವನ್ನು ಎಷ್ಟಕ್ಕೆ ಇಳಿಸಬೇಕು ಎಂಬ ವಾದ ಮಾತ್ರ ವರ್ಷಗಟ್ಟಲೆ ನಡೆಯಿತು. ಕಂಪನಿ ಮತ್ತು ನಿಯಂತ್ರಣ ಸಂಸ್ಥೆಗಳು ಹಿಡಿದದ್ದು ಕಿಲೋಗೆ 20 ಮಿಲಿಗ್ರಾಂ. ಇದು ಜನವಸತಿಗೆ ಸಾಕು, ಇನ್ನೂ ಬಿಗಿ ಮಾಡಿದರೆ ಮರಗಳು ಹೋಗಿ ಗುಡ್ಡದ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು ಅವರ ವಾದ. ಪರಿಸರ ಕಾರ್ಯಕರ್ತರ ಪ್ರಶ್ನೆ ಬೇರೆ: ಕಾರ್ಖಾನೆ ಇರುವುದು ಪಾಂಬಾರ್ ಶೋಲಾ ಕಾಡಿನ ನೆತ್ತಿಯ ಮೇಲೆ, ಮಳೆ ತೊಳೆದದ್ದೆಲ್ಲ ಹೊಳೆಗೆ, ಹೊಳೆಯಿಂದ ಮೀನಿಗೆ. ಮನೆ ಕಟ್ಟುವುದಕ್ಕೆ ಸರಿಹೋಗುವ ಅಳತೆ ಕಾಡಿಗೂ ನೀರಿಗೂ ಹೇಗೆ ಸರಿಹೋದೀತು? ಎರಡೂ ಕಡೆಯವರು ವಿಜ್ಞಾನವನ್ನೇ ಹೇಳುತ್ತಿದ್ದರು. ಯಾರನ್ನು ಕಾಪಾಡಬೇಕು ಎಂಬುದರಲ್ಲಿ ಅವರ ಉತ್ತರ ಬೇರೆಯಾಗಿತ್ತು, ಅಷ್ಟೇ. ಇದನ್ನು ಪ್ರಯೋಗಾಲಯ ತೀರ್ಮಾನಿಸಲಾರದು.

ಟೋಕಿಯೋದ ತೊಯೊಸು ಮಾರುಕಟ್ಟೆಯ ಪ್ರಕರಣವನ್ನೂ ನೋಡಬೇಕು. ತ್ಸುಕಿಜಿಯ ಪ್ರಸಿದ್ಧ ಮೀನು ಮಾರುಕಟ್ಟೆಯನ್ನು ಹಳೆಯ ಗ್ಯಾಸ್ ಕಾರ್ಖಾನೆಯ ನೆಲಕ್ಕೆ ಸ್ಥಳಾಂತರಿಸುವ ಯೋಜನೆ ಅದು. ಮೇಲಿನ ಎರಡು ಮೀಟರ್ ಮಣ್ಣು ತೆಗೆದು, ಒಟ್ಟು ನಾಲ್ಕೂವರೆ ಮೀಟರ್ ಹೊಸ ಮಣ್ಣು ತುಂಬುತ್ತೇವೆ ಎಂದು ಜನರಿಗೆ ಮಾತು ಕೊಟ್ಟಿದ್ದರು. 2016ರಲ್ಲಿ ನೋಡಿದರೆ ಮುಖ್ಯ ಕಟ್ಟಡಗಳ ಅಡಿಯಲ್ಲಿ ಆ ಮಣ್ಣೇ ಇಲ್ಲ. ಟೊಳ್ಳು ನೆಲಮಾಳಿಗೆ, ಅದರಲ್ಲಿ ನಿಂತ ನೀರು. ಮರುವರ್ಷ ಜನವರಿಯಲ್ಲಿ ಅಂತರ್ಜಲದಲ್ಲಿ ಮಿತಿಯ 79 ಪಟ್ಟು ಬೆನ್ಜೀನ್ ಸಿಕ್ಕಿದ ವರದಿ ಬಂತು. ಆ ಮಿತಿ ಕುಡಿಯುವ ನೀರಿಗೆ ಹಾಕಿದ್ದು, ಮಾರುಕಟ್ಟೆಯಲ್ಲಿ ಆ ನೀರನ್ನು ಯಾರೂ ಬಳಸುವುದಿಲ್ಲ, ಕಾಂಕ್ರೀಟ್ ಮೇಲಿರುವವರಿಗೆ ಅಪಾಯವಿಲ್ಲ ಎಂದು ತಜ್ಞರು ಹೇಳಿದರು. ಹೇಳಿದ್ದು ಸರಿಯೇ ಇದ್ದಿರಬಹುದು. ಆದರೆ ಕೊಟ್ಟ ಮಾತು ತಪ್ಪಿದ್ದಾರೆ ಎಂದು ಒಮ್ಮೆ ಗೊತ್ತಾದ ಮೇಲೆ ಲೆಕ್ಕಾಚಾರ ಜನರ ಕಿವಿಗೆ ಇಳಿಯಲಿಲ್ಲ. 2016ರ ನವೆಂಬರಿಗೆ ನಿಗದಿಯಾಗಿದ್ದ ಸ್ಥಳಾಂತರ 2018ರ ಅಕ್ಟೋಬರಿಗೆ ಹೋಯಿತು.

ಮಾದರಿ ತೆಗೆಯುವವರೇ ಮೋಸ ಮಾಡಿದರೆ ಲೆಕ್ಕಾಚಾರಕ್ಕೂ ಅರ್ಥವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ಹಳೆಯ ಹಡಗುಕಟ್ಟೆಯಲ್ಲಿ ವಿಕಿರಣಶೀಲ ಮಾಲಿನ್ಯ ಇರಬಹುದಾದ ಮಣ್ಣಿನ ಬದಲು ಬೇರೆ ಜಾಗದ ಒಳ್ಳೆಯ ಮಣ್ಣನ್ನು ಪರೀಕ್ಷೆಗೆ ಕಳಿಸಿದ್ದು ಬಯಲಾಗಿ, 2018ರಲ್ಲಿ ಇಬ್ಬರು ಮೇಲ್ವಿಚಾರಕರಿಗೆ ಜೈಲು ಶಿಕ್ಷೆಯಾಯಿತು. ಸಾವಿರಾರು ಮನೆಗಳಿಗೆ ಯೋಜನೆ ಹಾಕಿದ್ದ ಆ ಜಾಗದಲ್ಲಿ ಮತ್ತೆ ಮಾದರಿ ತೆಗೆದು ಪರೀಕ್ಷಿಸಬೇಕಾಗಿ ಬಂತು.

ಅಗೆಯುವುದೇ ಅಪಾಯವಾದಾಗ

ಹಾಗಾದರೆ ಎಲ್ಲವನ್ನೂ ಬಗೆದು ತೆಗೆದುಬಿಡಬಾರದೇ? ಇಂಗ್ಲೆಂಡಿನ ಕಾರ್ಬಿ ಪಟ್ಟಣ ಮಾಡಿದ್ದು ಅದನ್ನೇ. 1980ರಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಉಕ್ಕು ತಯಾರಿಕೆ ನಿಂತ ಮೇಲೆ ಸ್ಥಳೀಯ ಆಡಳಿತ ನೆಲ ಹಸನು ಮಾಡಿ ಊರನ್ನು ಮತ್ತೆ ಎಬ್ಬಿಸಲು ಹೊರಟಿತು. ಉದ್ದೇಶ ಒಳ್ಳೆಯದೇ. ಆದರೆ ವಿಷದ ಕೆಸರು ತುಂಬಿದ ಲಾರಿಗಳು ಮುಚ್ಚಿಗೆಯಿಲ್ಲದೆ ಊರ ರಸ್ತೆಗಳಲ್ಲಿ ಓಡಾಡಿದವು. ಚಕ್ರಕ್ಕೆ ಮೆತ್ತಿದ ಕೆಸರು ರಸ್ತೆಗೆ ಬಿದ್ದು ಒಣಗಿ ಧೂಳಾಯಿತು, ಧೂಳು ಮನೆಗಳನ್ನು ಹೊಕ್ಕಿತು. ಆ ವರ್ಷಗಳಲ್ಲಿ ಬಸುರಿಯಾಗಿದ್ದ ಹಲವು ತಾಯಂದಿರಿಗೆ ಕೈಕಾಲುಗಳು ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟಿದರು. ಶುದ್ಧೀಕರಣದಲ್ಲಿ ಆಡಳಿತ ನಿರ್ಲಕ್ಷ್ಯ ತೋರಿತು ಎಂದು 2009ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಆ ಲಾರಿಗಳಿಗೆ ಬೇಕಾಗಿದ್ದದ್ದು ಒಂದು ಟಾರ್ಪಾಲು, ಚಕ್ರ ತೊಳೆಯಲು ಒಂದಿಷ್ಟು ನೀರು.

ಪೀಥಂಪುರದ ಜನರ ಭಯವನ್ನು ಈ ಬೆಳಕಿನಲ್ಲಿ ಓದಬೇಕು. 2025ರ ಜನವರಿಯಲ್ಲಿ ಕಂಟೇನರುಗಳು ಬಂದಾಗ ಊರು ಬಂದ್ ಆಯಿತು, ಇಬ್ಬರು ಬೆಂಕಿ ಹಚ್ಚಿಕೊಳ್ಳುವಷ್ಟು ಪ್ರತಿಭಟನೆ ಬಿಸಿಯಾಯಿತು. ಪ್ರಾಯೋಗಿಕವಾಗಿ ಸುಟ್ಟಾಗ ಹೊಗೆ ಮಿತಿಯೊಳಗೇ ಇತ್ತು ಎಂದು ಸರ್ಕಾರ ಹೇಳಿತು. ಆದರೆ ಅದನ್ನು ಜನ ನಂಬುವ ಹಾಗೆ ಮೊದಲೇ ವಿವರಿಸುವ ಕೆಲಸ ಆಗಿರಲಿಲ್ಲ. ಒಂದು ಊರಿನ ವಿಷ ಇನ್ನೊಂದು ಊರಿಗೆ ಹೋಗುವಾಗ ಆ ಇನ್ನೊಂದು ಊರಿಗೆ ಕೇಳುವ ಹಕ್ಕಿಲ್ಲವೇ? ಇದೆ ಎಂದೇ ನನ್ನ ನಂಬಿಕೆ.

ಹಣ ಯಾರ ಜೇಬಿನಿಂದ

ಕೆಡಿಸಿದವನೇ ಕೊಡಬೇಕು ಎಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿ ಹಿಡಿದಿದೆ. ರಾಜಸ್ಥಾನದ ಬಿಛ್ಡಿ ಹಳ್ಳಿಯ ಬಾವಿಗಳನ್ನು ರಾಸಾಯನಿಕ ಕಾರ್ಖಾನೆಗಳು ಕೆಡಿಸಿದ ಪ್ರಕರಣ ಅದು. ತೀರ್ಪು ಬಂದರೂ ಹಣ ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿ ಕಂಪನಿಗಳು ಕಾಲ ತಳ್ಳಿದವು. 2011ರಲ್ಲಿ ಕೋರ್ಟ್ ಚಕ್ರಬಡ್ಡಿ ಸಮೇತ ಕಟ್ಟಿ ಎಂದು ಮತ್ತೆ ಆದೇಶಿಸಬೇಕಾಯಿತು.

ಭೋಪಾಲದಲ್ಲಿ ಗಂಟು ಇನ್ನೂ ಬಿಗಿ. ಯೂನಿಯನ್ ಕಾರ್ಬೈಡ್ ತನ್ನ ಭಾರತೀಯ ಅಂಗಸಂಸ್ಥೆಯ ಪಾಲನ್ನು 1994ರಲ್ಲಿ ಮಾರಿತು. ಜಮೀನು 1998ರಲ್ಲಿ ರಾಜ್ಯ ಸರ್ಕಾರದ ಕೈಗೆ ಮರಳಿತು. 2001ರಲ್ಲಿ ಯೂನಿಯನ್ ಕಾರ್ಬೈಡನ್ನು ಕೊಂಡ ಡೌ ಕೆಮಿಕಲ್, ಈ ಕಾರ್ಖಾನೆಯನ್ನು ತಾನು ಎಂದೂ ನಡೆಸಿಲ್ಲ, ಹೊಣೆ ತನ್ನದಲ್ಲ ಎನ್ನುತ್ತದೆ. ಕಂಪನಿ ಕೊಂಡವರು ಅದರ ಆಸ್ತಿಯ ಜೊತೆಗೆ ಅದರ ಸಾಲವನ್ನೂ ಕೊಂಡಂತೆ ಎಂಬುದು ಸಂತ್ರಸ್ತರ ವಾದ. ಈ ನಡುವೆ 337 ಟನ್ ಸುಡಲು ಸುಮಾರು 126 ಕೋಟಿ ರೂಪಾಯಿ ಕೊಟ್ಟದ್ದು ಕೇಂದ್ರ ಸರ್ಕಾರ, ಅಂದರೆ ತೆರಿಗೆದಾರರು. ಇನ್ನು 11 ಲಕ್ಷ ಟನ್ ಮಣ್ಣಿನ ಕೆಲಸಕ್ಕೆ ಕೈಹಾಕುವವರು ಯಾರು ಎಂಬುದು ಇತ್ಯರ್ಥವಾಗದೆ ಯಂತ್ರಗಳು ಆವರಣದೊಳಗೆ ಇಳಿಯುವುದಿಲ್ಲ.

ಹೊಸ ನಿಯಮಗಳಲ್ಲಿ ಏನಿದೆ

2025ರ ನಿಯಮಗಳು ಈ ಗೋಜಲಿಗೆ ಒಂದು ಕ್ರಮ ತರುತ್ತವೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯದ ತಾಣಗಳ ಪಟ್ಟಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ನಂತರದ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ನಡೆಸಬೇಕು. ಗೊತ್ತುಮಾಡಿದ 189 ರಾಸಾಯನಿಕಗಳಲ್ಲಿ ಯಾವುದಾದರೂ ಮಿತಿ ಮೀರಿದ್ದರೆ ತಾಣವನ್ನು ಸಾರ್ವಜನಿಕವಾಗಿ ಘೋಷಿಸಿ, ಹೊಣೆಗಾರರನ್ನು ಗುರುತಿಸಬೇಕು. ಅವರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿಯಿಲ್ಲದಿದ್ದರೆ ಕೇಂದ್ರ-ರಾಜ್ಯಗಳು ಖರ್ಚು ಹೊರಬೇಕು.

ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಇಂಥ ತಾಣಗಳು 103. ಕೆಲಸ ಶುರುವಾಗಿದ್ದದ್ದು ಏಳರಲ್ಲಿ. ಈ ಅಂತರ ನೋಡಿದರೆ ನಿಯಮ ಬಂದದ್ದು ಒಳ್ಳೆಯದಾಯಿತು ಎನ್ನಲೇಬೇಕು. ಆದರೆ ಪರಿಶೀಲನೆಗೂ ಸಮೀಕ್ಷೆಗೂ ದಿನಗಣನೆ ಇಟ್ಟ ನಿಯಮ, ನೆಲ ಶುದ್ಧವಾಗಿ ಮುಗಿಯಬೇಕಾದ ದಿನಕ್ಕೆ ಗಡುವು ಹಾಕಿಲ್ಲ. ನಗರದ ಅಂಚಿನ ಕಸದ ಗುಡ್ಡೆಗಳು, ಗಣಿಗಾರಿಕೆಯ ಮತ್ತು ವಿಕಿರಣಶೀಲ ಮಾಲಿನ್ಯ ಇದರ ವ್ಯಾಪ್ತಿಯಲ್ಲಿಲ್ಲ. ಸಮೀಕ್ಷೆಯ ಕಾಗದ ಬೇಗ ಹುಟ್ಟಿ, ಕೆಲಸ ಹಿಂದೆ ಬೀಳುವ ಸಾಧ್ಯತೆಯೇ ಹೆಚ್ಚು.

ನೆಲಕ್ಕೆ ಬೆಲೆ ಬಂದ ಮೇಲೆ

ಹಳೆಯ ಕಾರ್ಖಾನೆಗಳು ಸಾಮಾನ್ಯವಾಗಿ ನಗರದ ನಡುವೆ, ರೈಲು-ರಸ್ತೆಗೆ ಹತ್ತಿರ ಇರುತ್ತವೆ. ವಿಷ ಇರುವಷ್ಟು ದಿನ ಅವುಗಳ ಸುತ್ತ ಬದುಕುವವರು ಬಡವರು, ಏಕೆಂದರೆ ಬಾಡಿಗೆ ಕಡಿಮೆ. ನೆಲ ಶುದ್ಧವಾದ ದಿನದಿಂದ ಬೆಲೆ ಏರುತ್ತದೆ, ಬಾಡಿಗೆ ಏರುತ್ತದೆ, ದಶಕಗಳ ಕಾಲ ಆ ಗಾಳಿ ನೀರು ಕುಡಿದವರೇ ಜಾಗ ಖಾಲಿ ಮಾಡಬೇಕಾಗುತ್ತದೆ. ಹಾಗೆಂದು ಶುದ್ಧ ಮಾಡದೆ ಬಿಡಲಾಗದು. ಯಾರು ಉಳಿಯುತ್ತಾರೆ ಎಂಬುದನ್ನು ಮೊದಲ ಯೋಜನೆಯಲ್ಲೇ, ಹಕ್ಕುಪತ್ರದ ಸಮೇತ ಬರೆಯಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಕಾಲ ಮಿಂಚಿರುತ್ತದೆ.

ಬರೆದದ್ದನ್ನು ನೆನಪಿಡುವವರೂ ಬೇಕು. ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಎಂಬಲ್ಲಿ ಹೂಕರ್ ಕಂಪನಿ ಸುಮಾರು 20,000 ಟನ್ ರಾಸಾಯನಿಕ ಹೂಳಿ, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಕೆಳಗೆ ರಾಸಾಯನಿಕ ಇದೆ ಎಂಬ ಎಚ್ಚರಿಕೆ ಕ್ರಯಪತ್ರದಲ್ಲೇ ಇತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು, ಮನೆ ಕೊಂಡವರ ಕೈಗೆ ಆ ಸಾಲು ತಲುಪಲೇ ಇಲ್ಲ. 1978ರಲ್ಲಿ ನೆಲಮಾಳಿಗೆಗಳಿಗೆ ವಿಷ ಒಸರುತ್ತಿದ್ದಾಗ ತುರ್ತುಸ್ಥಿತಿ ಘೋಷಿಸಿ ಕುಟುಂಬಗಳನ್ನು ಎಬ್ಬಿಸಬೇಕಾಯಿತು. ಅದರ ಆಘಾತದಿಂದಲೇ 1980ರಲ್ಲಿ ಕಲುಷಿತ ತಾಣಗಳನ್ನು ಶುದ್ಧ ಮಾಡಿಸುವ ಅಮೆರಿಕದ 'ಸೂಪರ್‌ಫಂಡ್' ಕಾನೂನು ಬಂತು.

2004ರಲ್ಲಿ ಲವ್ ಕೆನಾಲ್ ಆ ಕಾನೂನಿನ ಆದ್ಯತೆಯ ಪಟ್ಟಿಯಿಂದ ಹೊರಬಂತು, ಕಾಗದದ ಮೇಲೆ ಕೆಲಸ ಮುಗಿಯಿತು. ಹೂಳಿದ ರಾಸಾಯನಿಕ ಮಾತ್ರ ಅಲ್ಲೇ ಇದೆ. ಅದರ ಮೇಲೆ ಜೇಡಿಯ ಮತ್ತು ಪ್ಲಾಸ್ಟಿಕ್ ಹಾಳೆಯ ಹೊದಿಕೆ, ಅದರ ಮೇಲೆ ಹುಲ್ಲು, ಸುತ್ತ ಬೇಲಿ. ಒಳಗೆ ಒಸರುವ ನೀರನ್ನು ಪಂಪುಗಳು ಎತ್ತುತ್ತಲೇ ಇವೆ. ಭೋಪಾಲದ ಆವರಣದಲ್ಲಿ ಸ್ಮಾರಕದ ಮಾತು ಬಹಳ ಹಿಂದಿನಿಂದ ಇದೆ. ಅದರ ನಕ್ಷೆ ಸಿದ್ಧವಾಗುವಾಗ ಅಂತರ್ಜಲ ಪರೀಕ್ಷಿಸುವ ಬಾವಿಗಳು ಎಲ್ಲೆಲ್ಲಿ, ಅವುಗಳ ನೀರನ್ನು ಮುಂದಿನ ಐವತ್ತು ವರ್ಷ ಯಾರು ಪರೀಕ್ಷಿಸುತ್ತಾರೆ, ಫಲಿತಾಂಶ ಬಸ್ತಿಯ ಯಾವ ಗೋಡೆಯ ಮೇಲೆ ಅಂಟಿಸುತ್ತಾರೆ ಎಂಬುದೂ ಅದೇ ನಕ್ಷೆಯಲ್ಲಿ ಇರಬೇಕು.